ಗಿಡ್ಡ ಗಾಡಿಯ ಬುಷ್ಷು

ಜಮಖಂಡಿ
೧೨ ಜನೆವರಿ ೨೦೨೪

ಗಂಗಕ್ಕನವರಿಗೆ,

ನಮಸ್ಕಾರ. ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ತಮ್ಮನನ್ನು ಮದುವೆಯಾಗಿ ಈ ಮನೆಗೆ ಬಂದು ಎರಡು ವರ್ಷವಾಯಿತು. ನಾವಿಬ್ಬರೂ ಫೋನಿನಲ್ಲಿ "ಆರಾಮ?" "ಆರಾಮ" ಅನ್ನುವುದರಾಚೆ ಮಾತಾಡಿದ್ದಿಲ್ಲ. ಅತ್ತೆ ಫೋನನ್ನು ಸ್ಪೀಕರಿಗೆ ಹಾಕಿ ಒಲೆಯ ಪಕ್ಕ ಇಟ್ಟುಬಿಡುತ್ತಾರೆ. ಅಲ್ಲಿ ಯಾರು ಏನು ಮಾತಾಡಬೇಕು ಹೇಳಿ? ಈಗ ಒಂದು ಸಾಮಾನು ಕಳಿಸುವ ಕೆಲಸ ಬಂತು, ಅದರ ಜೊತೆ ನಾಲ್ಕು ಸಾಲು ಇರಲಿ ಅಂತ ಬರೆಯಲು ಕೂತೆ.

ಡಬ್ಬಿಯಲ್ಲಿರುವ ಕರೀ ರಬ್ಬರಿನ ತುಂಡನ್ನು ನೋಡಿ ಗಾಬರಿಯಾಗಬೇಡಿ. ಅದು ಮಾವನವರ ಗಿಡ್ಡ ಗಾಡಿಯ ಮುಂದಿನ ಬುಷ್ಷು. ಎರಡೇ ಸೀಟಿನ ಆ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕಬ್ಬಿನ ಟ್ರ್ಯಾಕ್ಟರುಗಳು ಈ ಸಲ ರಸ್ತೆಯನ್ನೆಲ್ಲ ಕಿತ್ತು ಹಾಕಿವೆ. ತಗ್ಗು ಬಂದಾಗಲೆಲ್ಲ ಗಾಡಿಯ ಮುಂಭಾಗದಲ್ಲಿ ಟಕ್ ಟಕ್ ಅನ್ನುತ್ತಿತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ಜಾಕ್ ಹಚ್ಚಿ ಚಕ್ರ ಬಿಚ್ಚಿ ನೋಡಿದೆವು. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಗಾಡಿಯ ಮೈಗೆ ಕೂಡುವ ಜಾಗದಲ್ಲಿ ಈ ರಬ್ಬರು ಬಳೆಯಂತೆ ಕೂತಿರುತ್ತದಲ್ಲ, ಅದು ಒಣಗಿ ಸೀಳಿಹೋಗಿದೆ.

ಜಮಖಂಡಿ, ಮುಧೋಳ, ಬನಹಟ್ಟಿ, ಎಲ್ಲ ಕಡೆ ಕೇಳಿಯಾಯಿತು. ಲೋಕಾಪುರದಲ್ಲಿ ನಮ್ಮಪ್ಪನ ಲಾರಿಗಳಿಗೆ ಸಾಮಾನು ಕೊಡುವವರೂ "ಇದು ನಮ್ಮ ಕಡೆ ಸಿಗಂಗಿಲ್ಲವಾ" ಅಂದರು. ಕೊಯಮತ್ತೂರಿನಲ್ಲಿ ಹಳೇ ಕಾರು ಇಟ್ಟವರು ಬಹಳ ಮಂದಿ, ಅಕ್ಕ ಅಲ್ಲೇ ಇದ್ದಾಳೆ, ಅವಳಿಗೆ ಕಳಿಸಿ ಕೇಳು ಅಂತ ನಮ್ಮವರು ಹೇಳಿದರು.

ಮಾವನವರು ಬಾಜೂ ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು, ನಾನು ಕೆಳಗೆ ಮಲಗಿ ಬಿಚ್ಚುತ್ತಾ ಹೋದೆ. ನಿಮ್ಮ ಹಳೆಯ ನೀಲಿ ಅಂಗಿಯನ್ನು ನನಗೆ ಹಾಕಿಕೊಳ್ಳಲು ಕೊಟ್ಟರು. ಹೇಳಿ ಹೊಲಿಸಿದಂತೆ ಹೊಂದುತ್ತದೆ.

ನಿಮ್ಮ
ಪ್ರೀತಿ

•

ಕೊಯಮತ್ತೂರು
೨೬ ಜನೆವರಿ ೨೦೨೪

ಪ್ರೀತಿಗೆ,

ಡಬ್ಬಿ ಮುಟ್ಟಿತು. ಕಾಲೇಜಿನಲ್ಲಿ ಪಾಠ ಮುಗಿಸಿ ಇಲ್ಲಿಯ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿದೆ. ಒಬ್ಬರು ಅದೇ ಅಳತೆಯ ಹೊಸ ಬುಷ್ಷು ಕೊಟ್ಟರು. ಎರಡೂ ಬದಿಗೆ ಆಗುವಷ್ಟು ಕಳಿಸಿದ್ದೇನೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಇದೇ ಕೆಲಸ ಮಾಡಿದ್ದ. ಅಂದರೆ ಅಪ್ಪ ಮತ್ತು ನಾನು. ನಿನ್ನ ಗಂಡ ಸಂಜಯ ಕ್ರಿಕೆಟ್ ಆಡಲು ಹೋಗಿದ್ದ. ಅವನಿಗೆ ಇವತ್ತಿಗೂ ಬುಷ್ಷು ಯಾವುದು, ಬೇರಿಂಗು ಯಾವುದು ತಿಳಿಯುವುದಿಲ್ಲ. ಆದ್ದರಿಂದ ನಾನು ಬರೆಯುವುದನ್ನು ಲಕ್ಷ್ಯಕೊಟ್ಟು ಓದು. ಇದು ಲಾರಿಯಲ್ಲ. ಸುತ್ತಿಗೆ ತಗೊಂಡು ಬಡಿಯುವ ಕೆಲಸವಲ್ಲ.

ಸ್ಪ್ರಿಂಗು ಒತ್ತಿ ಕೂತಿರುತ್ತದೆ. ಅದರ ತಟ್ಟೆಯ ಕೆಳಗೆ ಜಾಕ್ ಕೊಟ್ಟು ಮೆಲ್ಲಗೆ ಇಳಿಸಬೇಕು, ಸಿಡಿದರೆ ಜೀವಕ್ಕೆ ಅಪಾಯ. ಹೊಸ ರಬ್ಬರಿಗೆ ಎಣ್ಣೆಯಾಗಲಿ ಗ್ರೀಸಾಗಲಿ ತಾಕಿಸಬೇಡ, ಉಬ್ಬಿ ಕೆಡುತ್ತದೆ. ಸಾಬೂನಿನ ನೀರು ಹಚ್ಚಿ ಒತ್ತಿದರೆ ಜಾರಿ ಒಳಗೆ ಕೂರುತ್ತದೆ. ಉಳಿದದ್ದನ್ನು ಬಂದಾಗ ಹೇಳುತ್ತೇನೆ. ಶಿವರಾತ್ರಿಗೆ ರಜೆ ಇದೆ. ನಾನು ಬರುವವರೆಗೆ ಕಾಯಿರಿ ಅಂತ ಅಪ್ಪನಿಗೆ ಹೇಳು.

ಆ ನೀಲಿ ಅಂಗಿ ಅವ್ವನ ಟ್ರಂಕಿನಲ್ಲಿ ಭದ್ರವಾಗಿದೆ ಅಂದುಕೊಂಡಿದ್ದೆ. ಇರಲಿ. ಹರಿಯದಂತೆ ನೋಡಿಕೋ.

ಗಂಗಾಂಬಿಕಾ

•

ಜಮಖಂಡಿ
೯ ಫೆಬ್ರುವರಿ ೨೦೨೪

ಗಂಗಕ್ಕನವರಿಗೆ,

ಬುಷ್ಷುಗಳು ಬಂದವು. ಮಾವನವರು ಒಂದನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ "ಹೊಸಾ ರಬ್ಬರ ಐತಿ" ಅಂದರು. ಅಂಗಿಯನ್ನು ತೊಳೆದು ಇಸ್ತ್ರಿ ಮಾಡಿ ಮತ್ತೆ ಟ್ರಂಕಿನಲ್ಲಿ ಇಟ್ಟಿದ್ದೇನೆ. ನಾನು ಈಗ ನಮ್ಮಪ್ಪನ ಡ್ರೈವರನೊಬ್ಬನ ಖಾಕಿ ಅಂಗಿ ಹಾಕಿಕೊಳ್ಳುತ್ತೇನೆ. ನಾನು ಲಾರಿ ಮನೆತನದವಳು, ನನಗೆ ಅದೇ ಚಂದ.

ನೀವು ಶಿವರಾತ್ರಿಗೆ ಬರುವ ವಿಷಯ ಅವರಿಗೆ ಹೇಳಿದೆ. ಅವರು ಬುಷ್ಷನ್ನು ಮತ್ತೆ ಡಬ್ಬಿಗೆ ಹಾಕಿದರು. ಆಮೇಲೆ ಅಂದರು: "ಬ್ಯಾಡ. ಅಷ್ಟ ದೂರದಿಂದ ಅಕಿ ಯಾಕ ಬರಬೇಕು? ನೀ ಅದೀಯಲ್ಲವಾ ಪ್ರೀತಿ. ನಾವಿಬ್ಬರ ಮಾಡಿ ಮುಗಸೂಣು."

ಅವರು ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಪ್ರೀತಿ

•

ಕೊಯಮತ್ತೂರು
೧೭ ಫೆಬ್ರುವರಿ ೨೦೨೪

ಪ್ರೀತಿ,

ಬೇಸರ ಯಾಕೆ? ಟಿಕೆಟ್ ತೆಗೆಸಿರಲೂ ಇಲ್ಲ.

ತೆಗೆಸಿದ್ದೆ. ರದ್ದು ಮಾಡಿದೆ.

ದಸರೆಗೆ ಬಂದಾಗಲೇ ನನಗೆ ತಿಳಿಯಬೇಕಿತ್ತು. ಅಪ್ಪ ನನ್ನ ಎದುರು ಊಟಕ್ಕೆ ಕೂತವನು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದ. ಗಾಡಿ ತೆಗಿ, ಕೃಷ್ಣೆಯ ಬ್ಯಾರೇಜಿನ ತನಕ ಹೋಗಿಬರೋಣ ಅಂದರೆ "ಇವತ್ತ ಬ್ಯಾಡ" ಅಂದ. ಇದ್ದ ಮೂರು ದಿನವೂ ಬಲಗೈಯನ್ನು ಜೇಬಿನಿಂದ ತೆಗೆಯದೆ ಸಾಹೇಬರ ಹಾಗೆ ಓಡಾಡಿದ. ಅದೇ ಹೊತ್ತಿಗೆ ನೀನು ಚಹಾ ತಂದರೆ "ಇಡವಾ, ಇಡು" ಅಂತ ಎಷ್ಟು ಅಕ್ಕರೆ! ಮನೆಯ ಮಗಳು ಪರಸ್ಥಳಕ್ಕೆ ಹೋದ ಮೇಲೆ ಅವಳ ಜಾಗದಲ್ಲಿ ಯಾರಾದರೂ ಕೂರುತ್ತಾರೆ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ತಿಳಿಸು.

ಗಂಗಾಂಬಿಕಾ

•

ಜಮಖಂಡಿ
೧೦ ಮಾರ್ಚ್ ೨೦೨೪

ಗಂಗಕ್ಕನವರಿಗೆ,

ಮುಗಿಯಿತು! ಶಿವರಾತ್ರಿಯ ಮರುದಿನ ಗಾಡಿ ಕೆಳಗಿಳಿಯಿತು.

ನೀವು ಹೇಳಿದಂತೆಯೇ ಮಾಡಿದೆವು. ಸ್ಪ್ರಿಂಗು ಇಳಿಸುವಾಗ ಜಾಕನ್ನು ಇಷ್ಟಿಷ್ಟೇ ಬಿಡುತ್ತಾ ಬಂದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು "ಆ ಹುಡುಗಿ ಜೀವಾ ತಗೀತೀರೇನ್ರೀ?" ಅಂತ ಒಂದೇ ಸಮನೆ ಕೂಗುತ್ತಿದ್ದರು. ಹಳೆಯ ಬುಷ್ಷು ಕಬ್ಬಿಣಕ್ಕೆ ಹತ್ತಿಕೊಂಡು ಕೂತಿತ್ತು, ಕಿತ್ತು ತೆಗೆಯುವಷ್ಟರಲ್ಲಿ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಹೊಸದು ಮಾತ್ರ ಸಾಬೂನಿನ ನೀರಿಗೆ ಪಚಕ್ಕನೆ ಜಾರಿ ಒಳಗೆ ಹೋದಾಗ ಮಾವನವರೂ ನಾನೂ ಚಿಕ್ಕಮಕ್ಕಳಂತೆ ನಕ್ಕೆವು. ಗಾಡಿ ಸ್ಟ್ಯಾಂಡಿನ ಮೇಲೆ ಇದ್ದಾಗಲೇ, ಚಕ್ರ ಹಾಕುವ ಮೊದಲೇ, ಎಲ್ಲ ಬೋಲ್ಟುಗಳನ್ನೂ ಪಾನಾ ಹಾಕಿ ಜಗ್ಗಿ ಗಟ್ಟಿ ಬಿಗಿದುಬಿಟ್ಟೆ. ನಮ್ಮಪ್ಪ ನೋಡಿದ್ದರೆ ಲಾರಿ ಗ್ಯಾರೇಜಿನಲ್ಲಿ ನೌಕರಿ ಕೊಡುತ್ತಿದ್ದ!

ಸಂಜೆ ಚಿಕ್ಕಪಡಸಲಗಿ ಬ್ಯಾರೇಜಿನ ತನಕ ಹೋಗಿಬಂದೆವು. ಟಕ್ ಅನ್ನುವ ಸದ್ದೇ ಇಲ್ಲ. ಮನೆಯಿಂದ ಹೊರಡುವಾಗ ಮಾವನವರು ಬಲಗಡೆ ಬಾಗಿಲು ತೆಗೆದು ನಿಂತು, ಕೀಲಿಯನ್ನು ನನ್ನ ಕೈಗೆ ಕೊಟ್ಟು, "ನೀ ನಡಸು" ಅಂದು ತಾವು ಎಡಗಡೆ ಕೂತರು. ನಾನೇ ಹೋಗುವಾಗಲೂ ಬರುವಾಗಲೂ ನಡೆಸಿದೆ. ಕೃಷ್ಣೆಯ ಮೇಲಿನ ಗಾಳಿಗೆ ಅವರ ಟೊಪ್ಪಿಗೆ ಹಾರಿ ಹಿಂದೆ ಬಿತ್ತು. ಇಳಿದು ಹೋಗಿ ಆರಿಸಿ ತಂದೆ. ಇಷ್ಟು ಸಂತೋಷವಾಗಿ ನಾನು ಈ ಮನೆಗೆ ಬಂದ ಮೇಲೆ ಎಂದೂ ಇದ್ದಿರಲಿಲ್ಲ.

ಪ್ರೀತಿ

•

ಕೊಯಮತ್ತೂರು
೨೨ ಮಾರ್ಚ್ ೨೦೨೪

ಪ್ರೀತಿ,

ನಿನ್ನ ಪತ್ರ ಓದಿದೆ. ಬಹಳ ಒಳ್ಳೆಯದಾಯಿತು.

ನನಗೆ ಅಪ್ಪ ಹೈಸ್ಕೂಲು ಮೈದಾನದ ಒಳಗೆ ಮಾತ್ರ ಸ್ಟೇರಿಂಗು ಕೊಟ್ಟಿದ್ದ. ಗೇಟು ಬಂದ ಕೂಡಲೇ "ಸರಿ, ಇನ್ನ ನನಗ ಬಿಡು" ಅನ್ನುತ್ತಿದ್ದ. ಕಾಲೇಜು ಓದುವಾಗಲೂ ಅಷ್ಟೇ, ನನ್ನ ಮದುವೆಯ ಹಿಂದಿನ ವಾರವೂ ಅಷ್ಟೇ. ಬ್ಯಾರೇಜಿನ ದಾರಿಯಲ್ಲಿ ನಾನು ಯಾವಾಗಲೂ ಎಡಗಡೆಯ ಸೀಟಿನವಳು. ನನ್ನ ಗಂಡನಿಗೆ ಇದನ್ನು ಹೇಳಿದೆ. "ಒಂದು ಗಾಡಿಯ ಸಲುವಾಗಿ ಇಷ್ಟು ವಯಸ್ಸಿನಲ್ಲಿ ಅಳುತ್ತೀಯಾ?" ಅಂತ ನಕ್ಕರು. ಅಳುತ್ತಿರಲಿಲ್ಲ. ನೆಗಡಿಯಾಗಿತ್ತು.

ಬೋಲ್ಟಿನ ವಿಷಯದಲ್ಲಿ ಒಂದು ಮಾತು ಬರೆಯಬೇಕು ಅಂತಿದ್ದೆ. ಇರಲಿ. ಅಪ್ಪ ಬಾಜೂಕೇ ಕೂತಿದ್ದಾನೆ, ಅವನಿಗೆ ಗೊತ್ತಿಲ್ಲದ್ದು ಏನಿದೆ? ನೀನೂ ಜಾಣೆ ಇದ್ದೀಯ.

ಅವ್ವನಿಗೆ ಮೊಣಕಾಲಿನ ಎಣ್ಣೆ ಕಳಿಸಿದ್ದೇನೆ. ಮುಟ್ಟಿದ್ದಕ್ಕೆ ಫೋನು ಮಾಡಿದರೆ ಸಾಕು, ಬರೆಯುವ ಕಾರಣವಿಲ್ಲ.

ಗಂಗಾಂಬಿಕಾ

•

ಜಮಖಂಡಿ
೧೯ ಮೇ ೨೦೨೪

ಗಂಗಕ್ಕ,

ಬರೆಯುವ ಕಾರಣವಿಲ್ಲ ಅಂದಿದ್ದಿರಿ. ಈಗ ಕಾರಣ ಬಂದಿದೆ. ನಿಮಗೆ ಇಷ್ಟವಿರಲಿ ಬಿಡಲಿ, ಪೂರ್ತಿ ಓದಿ.

ಏಪ್ರಿಲ್ ಮುಗಿಯುತ್ತಿದ್ದಂತೆ ಮತ್ತೆ ಟಕ್ ಟಕ್ ಶುರುವಾಯಿತು. ಹೊಸ ರಬ್ಬರು, ಕೂತುಕೊಳ್ಳಲು ಸಮಯ ಬೇಕು ಅಂತ ನಾವು ಲಕ್ಷ್ಯ ಕೊಡಲಿಲ್ಲ. ಹೋದ ವಾರ ಬೀಳಗಿಗೆ ಒಂದು ಮದುವೆಗೆ ಹೊರಟಿದ್ದೆವು, ಮಾವನವರು ಮತ್ತು ನಾನು. ಬಾಡಗಂಡಿಯ ಸಮೀಪ ಖಾಲಿ ಟ್ರೇಲರ್ ಜಗ್ಗಿಕೊಂಡು ಒಂದು ಟ್ರ್ಯಾಕ್ಟರು ಅಡ್ಡರಸ್ತೆಯಿಂದ ಒಮ್ಮೆಲೇ ಬಂತು. ನಾನು ಬ್ರೇಕ್ ಒತ್ತಿದೆ. ಗಾಡಿ ಎಡಕ್ಕೆ ಎಳೆದುಕೊಂಡು ಹೋಗಿ ಹೊಲದ ಬದುವಿಗೆ ಮುಖ ಕೊಟ್ಟಿತು. ನನಗೇನೂ ಆಗಲಿಲ್ಲ. ಮಾವನವರ ಹಣೆ ಮುಂದಿನ ಗಾಜಿಗೆ ಬಡಿದು ಒಡೆಯಿತು, ಹೊಲಿಗೆ ಹಾಕಿಸಿದೆವು. ಈಗ ಆರಾಮ ಇದ್ದಾರೆ. ನೀವು ಗಾಬರಿಯಾಗುತ್ತೀರಿ ಅಂತ ಫೋನಿನಲ್ಲಿ ಯಾರೂ ಹೇಳಲಿಲ್ಲ.

ಗಾಡಿಯನ್ನು ಮನೆಗೆ ತಂದು ಬಿಚ್ಚಿದೆವು. ಹೊಸ ಬುಷ್ಷುಗಳು ತಿರುಚಿಕೊಂಡು ಹರಿದಿದ್ದವು, ಎಲ್ಲವೂ. ನಮ್ಮವರು "ಅಕ್ಕ ಕಚ್ಚಾ ಮಾಲು ಕಳಿಸಿರಬೇಕು" ಅಂದರು. ಮಾವನವರು ಹಾಗೆ ಸಿಟ್ಟಾದದ್ದನ್ನು ನಾನು ಎಂದೂ ನೋಡಿಲ್ಲ. "ನನ್ನ ಮಗಳು ಕಚ್ಚಾ ಮಾಲ ಕಳಸಂಗಿಲ್ಲ! ತಪ್ಪಾಗಿದ್ರ ನನ್ನಿಂದ ಆಗೈತಿ. ಏನೋ ಒಂದ ಮರತೇನಿ ನಾ. ಏನಂತ ನೆನಪ ಆಗವಲ್ದು" ಅಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅವತ್ತಿನಿಂದ ಗಾಡಿಯ ಕಡೆ ತಿರುಗಿಯೂ ನೋಡಿಲ್ಲ. "ಕೈ ಹೋತು, ಈಗ ತಲೀನೂ ಹೋತು. ಪ್ರೀತಿ, ಈ ಗಾಡಿ ಇನ್ನ ನನ್ನದಲ್ಲ" ಅನ್ನುತ್ತಾರೆ. ಕೊಲ್ಲಾಪುರದವರೊಬ್ಬರು ಬಹಳ ದಿನದಿಂದ ಅದನ್ನು ಕೇಳುತ್ತಿದ್ದರಂತೆ, ಬಂದು ತಗೊಂಡು ಹೋಗಿರಿ ಅಂತ ಅವರಿಗೆ ಹೇಳಿಯಾಗಿದೆ.

ಕೈ ಹೋತು ಅಂದರೇನು ಅಂತ ನೀವು ಕೇಳುತ್ತೀರಿ. ಹೇಳಬಾರದು ಅಂತ ಅವರು ನನ್ನಿಂದ ಮಾತು ತಗೊಂಡಿದ್ದರು. ಇವತ್ತು ಆ ಮಾತು ಮುರಿಯುತ್ತೇನೆ. ಹೋದ ಶ್ರಾವಣದಿಂದ ಅವರ ಬಲಗೈ ನಡುಗುತ್ತಿದೆ. ವಿಜಯಪುರದ ಡಾಕ್ಟರರು ಇದು ನಡುಕದ ರೋಗ, ಗುಳಿಗೆಯಿಂದ ಹತೋಟಿಯಲ್ಲಿ ಇಡಬಹುದು, ಪೂರ್ತಿ ಹೋಗುವುದಿಲ್ಲ ಅಂದಿದ್ದಾರೆ. ಪಾನಾ ಹಿಡಿದರೆ ಬೋಲ್ಟಿನ ಮೇಲೆ ಕೂರುವುದಿಲ್ಲ, ಜಾರಿ ಬೀಳುತ್ತದೆ. ಅದಕ್ಕೇ ಅವರು ಸ್ಟೂಲಿನ ಮೇಲೆ, ನಾನು ಗಾಡಿಯ ಕೆಳಗೆ. ಅದಕ್ಕೇ ಸ್ಟೇರಿಂಗು ನನಗೆ ಕೊಟ್ಟರು. ದಸರೆಯಲ್ಲಿ ಅವರು ಊಟ ಬಿಟ್ಟು ಎದ್ದದ್ದು ತುತ್ತು ಕೈಯಿಂದ ಜಾರುತ್ತಿತ್ತು ಅಂತ. ನೀವು ಬರುತ್ತೇನೆ ಅಂದಾಗ ಬ್ಯಾಡ ಅಂದದ್ದು ಯಾಕೆ ಅಂತ ಆಮೇಲೆ ನನಗೆ ಹೇಳಿದರು: "ಗಂಗಿ ನನ್ನ ಕೈ ನೋಡಿ ಕಲತಾಕಿ. ಅಕಿ ಮುಂದ ಇದು ಹಿಂಗ ನಡಗೂದು ಬ್ಯಾಡವಾ."

ನಾನು ನಿಮ್ಮ ಜಾಗದಲ್ಲಿ ಕೂತಿಲ್ಲ ಅಕ್ಕ. ನೀವು ನೋಡಬಾರದ ಜಾಗದಲ್ಲಿ ನನ್ನನ್ನು ಕೂಡಿಸಿದ್ದಾರೆ.

ಪ್ರೀತಿ

•

ಕೊಯಮತ್ತೂರು
೨೬ ಮೇ ೨೦೨೪

ಪ್ರೀತಿ,

ಇದನ್ನು ಹೇಗೆ ಬರೆಯುವುದು ಅಂತ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಸುತ್ತುಬಳಸಿ ಬರೆದರೆ ಮತ್ತೆ ಸುಳ್ಳೇ ಆಗುತ್ತದೆ.

ಬುಷ್ಷು ಹರಿದದ್ದು ಯಾಕೆ ಅಂತ ನನಗೆ ಗೊತ್ತು. ಮಾರ್ಚಿನಲ್ಲಿ ನಿನ್ನ ಪತ್ರ ಓದಿದಾಗಲೇ ಗೊತ್ತಾಗಿತ್ತು. "ಗಾಡಿ ಸ್ಟ್ಯಾಂಡಿನ ಮೇಲೆ ಇದ್ದಾಗಲೇ ಎಲ್ಲ ಬೋಲ್ಟುಗಳನ್ನೂ ಗಟ್ಟಿ ಬಿಗಿದೆ" ಅಂತ ಬರೆದಿದ್ದೆಯಲ್ಲ, ಆ ಒಂದು ಸಾಲಿನಲ್ಲಿ.

ಗಾಡಿ ಮೇಲೆ ಎತ್ತಿದ್ದಾಗ ಚಕ್ರಗಳು ಕೆಳಗೆ ಜೋತುಬಿದ್ದಿರುತ್ತವೆ. ಆಗ ಬಿಗಿದರೆ ರಬ್ಬರು ಆ ಜೋತುಬಿದ್ದ ಸ್ಥಿತಿಗೇ ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಕೆಳಗಿಳಿಸಿದ ಕೂಡಲೇ ಭಾರಕ್ಕೆ ತೋಳು ಮೇಲೆ ಏರುತ್ತದೆ, ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ, ನಾಲ್ಕು ತಗ್ಗು ಹಾರಿದರೆ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಗಾಡಿಯನ್ನು ಅದರ ಚಕ್ರದ ಮೇಲೆ ನಿಲ್ಲಿಸಿ, ಆಮೇಲೆ ಬಿಗಿಯಬೇಕು. ಲಾರಿಯ ಕಬ್ಬಿಣದ ಬುಷ್ಷಿಗೆ ಈ ಕಾಟವಿಲ್ಲ, ಅದಕ್ಕೆ ನಿನಗೆ ಗೊತ್ತಿರಲಿಲ್ಲ. ಅದು ನಿನ್ನ ತಪ್ಪಲ್ಲ. ನನಗೆ ಕಲಿಸಿದವನು ಅಪ್ಪನೇ. "ಗಾಡಿಗೆ ತನ್ನ ಭಾರ ತನಗ ಗೊತ್ತಾಗಲಿ, ಆಮ್ಯಾಲ ಬಿಗಿ" ಅಂತ ಹೇಳಿದ್ದ. ಅವನು ಮರೆತಿದ್ದಾನೆ ಅಂತ ನನಗೆ ಅನ್ನಿಸಿತು, ಪ್ರೀತಿ. ಅನ್ನಿಸಿಯೂ ಬರೆಯಲಿಲ್ಲ. ಬರೆಯಲು ಪೆನ್ನು ಹಿಡಿದಿದ್ದೆ. ಅಷ್ಟರಲ್ಲಿ ಬ್ಯಾರೇಜಿನ ದಾರಿ ನೆನಪಾಯಿತು, ಅವನು ಬಾಗಿಲು ತೆರೆದು ನಿಂತು ನಿನಗೆ ಕೀಲಿ ಕೊಟ್ಟದ್ದು, ನೀನು ಟೊಪ್ಪಿಗೆ ಆರಿಸಿ ತಂದದ್ದು. ಆ ಗಾಡಿ ಮತ್ತೆ ಟಕ್ ಅನ್ನಲಿ, ನಿನ್ನ ಕೈಯ ಕೆಲಸ ಕೆಡಲಿ, ಆಗ ಅಪ್ಪ "ಗಂಗಿಗೆ ಫೋನ್ ಹಚ್ಚು" ಅನ್ನಲಿ ಅಂತ ಕಾದೆ. ಗಾಡಿ ಕಿಡಕಿಡ ಅನ್ನುವುದನ್ನು ಇಲ್ಲಿ ಕೂತು ಕಲ್ಪಿಸಿಕೊಂಡು ಖುಷಿಪಟ್ಟ ದಿನಗಳೂ ಇವೆ. ಬಿಗಿತ ತಪ್ಪಿದರೆ ಸದ್ದು ಬರುತ್ತದೆ, ಇನ್ನೊಮ್ಮೆ ಬಿಚ್ಚಿ ಹಾಕುತ್ತಾರೆ, ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡೆ. ಬ್ರೇಕ್ ಒತ್ತಿದಾಗ ಏನಾಗಬಹುದು ಅಂತ ಭೌತಶಾಸ್ತ್ರ ಕಲಿಸುವ ನನಗೆ ತಿಳಿಯದೆ ಇರಲಿಲ್ಲ. ತಿಳಿಯಲು ಮನಸ್ಸು ಮಾಡಲಿಲ್ಲ.

ಅಪ್ಪನ ಹಣೆ ಒಡೆದದ್ದು ನನ್ನಿಂದ. ಅವನ ತಲೆ ಎಲ್ಲೂ ಹೋಗಿಲ್ಲ.

ಜೇಬಿನೊಳಗಿನ ಕೈಯನ್ನು ನಾನು ಸೊಕ್ಕು ಅಂದುಕೊಂಡೆ. ಊಟ ಬಿಟ್ಟದ್ದನ್ನು ನನ್ನ ಮೇಲಿನ ಬೇಸರ ಅಂದುಕೊಂಡೆ. ಮೂರು ದಿನ ಒಂದೇ ಮನೆಯಲ್ಲಿದ್ದು ಒಮ್ಮೆಯಾದರೂ ಆ ಕೈಯನ್ನು ಹಿಡಿದು ನೋಡಲಿಲ್ಲ, ನೀನು ಚಹಾ ಕೊಡುವುದನ್ನೇ ನೋಡುತ್ತ ಕೂತಿದ್ದೆ.

ಹೊಸ ಬುಷ್ಷು ಕಳಿಸಿದ್ದೇನೆ. ಈ ಪತ್ರವನ್ನು ಅಪ್ಪನಿಗೆ ಓದಿ ಹೇಳು, ಒಂದು ಸಾಲೂ ಬಿಡಬೇಡ. ಗಾಡಿ ಕೊಟ್ಟುಬಿಡುವ ಮೊದಲು ಓದು. ಆಮೇಲೆ ಅವನು ನನ್ನ ಮುಖ ನೋಡಬಾರದು ಅಂದರೆ ಅದನ್ನೂ ಬರೆದು ತಿಳಿಸು.

ಗಂಗಾ

•

ಜಮಖಂಡಿ
೧೬ ಜೂನ್ ೨೦೨೪

ಅಕ್ಕ,

ಉತ್ತರ ತಡವಾದದ್ದು ಕೆಲಸದಿಂದ ಅಲ್ಲ, ಸಿಟ್ಟಿನಿಂದ. ನಿಮ್ಮ ಪತ್ರವನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟು, ದಿನಾ ಅದರ ಮುಂದೆ ಹಾದುಹೋಗುವಾಗ ನಿಮ್ಮನ್ನು ಬೈದುಕೊಳ್ಳುತ್ತಿದ್ದೆ. ನನ್ನ ಮೇಲೆ ಹೊಟ್ಟೆಕಿಚ್ಚು ಪಡಿ, ಬೇಡ ಅನ್ನುವುದಿಲ್ಲ. ಆದರೆ ಬಾಜೂ ಸೀಟಿನಲ್ಲಿ ಕೂತವರು ನಿಮ್ಮಪ್ಪ. ಅವರ ಹಣೆಯಿಂದ ಇಳಿದ ರಕ್ತವನ್ನು ನನ್ನ ಸೆರಗಿನಿಂದ ಒತ್ತಿ ಹಿಡಿದವಳು ನಾನು. ಇದನ್ನು ಓದಿ ಹೇಳಿದರೆ ಮುದುಕ ಜೀವ ಇನ್ನೂ ಕುಸಿಯುತ್ತದೆ, ಹೇಳಲೇಬಾರದು ಅಂತ ಮಾಡಿದ್ದೆ.

ಆದರೆ ಕೊಲ್ಲಾಪುರದವರು ನಾಳೆ ಬರುತ್ತೇವೆ ಅಂತ ಫೋನು ಮಾಡಿದರು. ಮಾವನವರು ಅವತ್ತು ಬೆಳಿಗ್ಗೆಯಿಂದ ಗಾಡಿಯ ಮುಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದರು, ಚಹಾ ತಣ್ಣಗಾಗಿತ್ತು. ನನಗೆ ತಡೆಯಲಾಗಲಿಲ್ಲ. ಪತ್ರ ತಂದು ಓದಿದೆ. ನೀವು ಹೇಳಿದಂತೆ ಒಂದು ಸಾಲನ್ನೂ ಬಿಡಲಿಲ್ಲ. ಅತ್ತೆ ಸೊಪ್ಪು ಸೋಸುತ್ತ ಕೂತವರು ಕೈ ನಿಲ್ಲಿಸಿ ಕೇಳಿದರು.

ಓದಿ ಮುಗಿಸಿ ಹಾಳೆ ಮಡಚಿದೆ. ಆಮೇಲೆ ಮಾವನವರು "ಅದೊಂದ ಸಾಲ ಮತ್ತೊಮ್ಮೆ ಓದು" ಅಂದರು.

"ಯಾವ ಸಾಲ್ರೀ?"

"ನೀ ಬರದ ಒಂದ ಸಾಲಿನ್ಯಾಗ ಅಕಿಗೆ ಗೊತ್ತಾತಂತಲ್ಲ, ಅದು."

ಓದಿದೆ. ಅವರ ಮುಖ ನೋಡನೋಡುತ್ತ ಅರಳಿತು, ಅಕ್ಕ. ಅತ್ತೆಯ ಕಡೆ ತಿರುಗಿ "ಕೇಳಿದ್ಯಾ ಕಸ್ತೂರಿ! ನಾ ಬಾಜೂಕ ಕುಂತಿದ್ರೂ ನನಗ ಹೊಳೀಲಿಲ್ಲ. ಅಕಿ ಕೊಯಮತ್ತೂರಾಗ ಕುಂತು ಕಾಗದದಾಗ ಹಿಡದಾಳ! ಒಂದ ಸಾಲಿನ್ಯಾಗ!" ಅಂತ ತೊಡೆ ತಟ್ಟಿಕೊಂಡು ನಕ್ಕರು.

ಅತ್ತೆಗೆ ಸಿಟ್ಟು ಬಂತು. "ನಗತೀರಲ್ರೀ! ಗೊತ್ತಿದ್ದೂ ಹೇಳಲಿಲ್ಲ ಅಕಿ. ಅದು ತಪ್ಪಲ್ಲೇನು? ನಿಮ್ಮ ಹಣಿ ಒಡೀತಲ್ಲ!"

"ತಪ್ಪ ಐತಿ. ಖರೆ ತಪ್ಪ ಐತಿ. ಬರಲಿ, ಬೈತೀನಿ. ಬೈಯಾಕರ ಅಕಿ ಇಲ್ಲಿಗಿ ಬರಬೇಕಲ್ಲ?" ಅಂದು, ನಡುಗುವ ಕೈಯನ್ನು ಮುಚ್ಚಿಕೊಳ್ಳದೆ ಹಾಗೆಯೇ ಮುಂದೆ ಚಾಚಿ ನೋಡಿಕೊಂಡರು. "ನನ್ನ ತಲಿ ಎಲ್ಲೂ ಹೋಗಿಲ್ಲವಾ ಪ್ರೀತಿ. ಅಕಿ ಕಡೆ ಐತಿ" ಅಂದರು.

ಮರುದಿನ ಕೊಲ್ಲಾಪುರದವರಿಗೆ ಚಹಾ ಕುಡಿಸಿ, ಗಾಡಿ ಕೊಡದೆ ಹಾಗೇ ಕಳಿಸಿದರು.

ಈಗ ನನ್ನ ಮಾತು. ಅವತ್ತು ರೊಟ್ಟಿ ಬಡಿಯುವಾಗ ನನಗೆ ಅಳು ಬಂತು. ಚಳಿಗಾಲದಿಂದ ನಾನು ಆ ಗಾಡಿಯ ಕೆಳಗೆ ಬಿದ್ದಿದ್ದೇನೆ. ಅವರಿಗೆ ಗುಳಿಗೆ ಕೊಡುವವಳು ನಾನು, ಅಂಗಿಯ ಗುಂಡಿ ಹಾಕುವವಳು ನಾನು. ನನ್ನ ಕೆಲಸ ನೋಡಿ ಅವರು ಒಮ್ಮೆಯೂ ಹಾಗೆ ತೊಡೆ ತಟ್ಟಿಕೊಂಡು ನಕ್ಕಿರಲಿಲ್ಲ. ನೀವು ಮಾಡಿದ ತಪ್ಪಿಗೆ ಅಷ್ಟು ನಕ್ಕರು! ನಾನೂ ನಿಮ್ಮಿಂದ ಒಂದು ಮಾತು ಬಚ್ಚಿಟ್ಟಿದ್ದೆ. ಬುಷ್ಷು ಹಾಕುವಾಗ ನಾನು ಏನೇ ಸರಿಯಾಗಿ ಮಾಡಲಿ, "ಗಂಗಿ ಹಿಂಗ ಮಾಡತಿದ್ಲು" ಅನ್ನುತ್ತಿದ್ದರು. ತಪ್ಪು ಮಾಡಿದರೆ "ಗಂಗಿ ಹಂಗ ಮಾಡತಿರಲಿಲ್ಲ." ಇಡೀ ದಿನ ಇದೇ. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದದ್ದನ್ನು ನಿಮಗೆ ಬರೆದೆ, ಟೊಪ್ಪಿಗೆ ಹಾರಿದ್ದನ್ನು ಬರೆದೆ, ಇದೊಂದನ್ನು ಬರೆಯಲಿಲ್ಲ. ಬರೆದಿದ್ದರೆ ನೀವು ಮಾರ್ಚಿನಲ್ಲೇ ಬೋಲ್ಟಿನ ಮಾತು ತಿಳಿಸುತ್ತಿದ್ದಿರೋ ಏನೋ.

ಹೊಸ ಬುಷ್ಷುಗಳನ್ನು ಹಾಕಿಯಾಗಿದೆ. ಬೋಲ್ಟುಗಳನ್ನು ಕೈಯಿಂದ ತಿರುಗಿಸಿ ಸಡಿಲವಾಗಿ ಬಿಟ್ಟು, ಚಕ್ರ ಹಾಕಿ, ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆ ಕೊಟ್ಟು ಗಾಡಿ ನಿಲ್ಲಿಸಿದ್ದೇವೆ. ಅದರ ಭಾರ ಅದರ ಮೇಲೆಯೇ ಇದೆ. ಕೆಳಗೆ ಮಲಗಿ ಪಾನಾ ಹಾಕಲು ಜಾಗವೂ ಇದೆ. ಆದರೆ ಮಾವನವರು "ಗಂಗಿ ಬರೂತನಾ ಯಾರೂ ಬಿಗಿಬ್ಯಾಡ್ರಿ" ಅಂತ ಅಪ್ಪಣೆ ಕೊಡಿಸಿಬಿಟ್ಟರು. ನಿಮಗೆ ತಮ್ಮ ಕೈ ತೋರಿಸಲು ಅವರು ತಯಾರಾಗಿದ್ದಾರೆ. ಅದಕ್ಕೆ ನನಗೆ ಸಂತೋಷವಿದೆ. ಬೋಲ್ಟುಗಳನ್ನು ನಿಮಗಾಗಿ ಬಿಡಿಸಿದ್ದಕ್ಕೆ ಇಲ್ಲ.

ನಿನ್ನೆ ಅವರು ಮಲಗಿದ್ದರು. ನಾನು ಅತ್ತೆಯನ್ನು ಕರೆದು ಗಾಡಿಯಲ್ಲಿ ಕೂಡಿಸಿದೆ, ಒಬ್ಬರ ಭಾರ ಇದ್ದರೆ ಇನ್ನೂ ಛಲೋ ಅಂತ. "ನನ್ನ ಯಾಕ ಕುಂಡ್ರಸ್ತೀ ಬೇ ಇದರಾಗ?" ಅಂತ ಗೊಣಗುತ್ತ ಸ್ಟೇರಿಂಗು ಹಿಡಿದು ಕೂತರು. ನಾನು ಕೆಳಗೆ ಹೋಗಿ ಬಲಗಡೆಯ ಬೋಲ್ಟುಗಳನ್ನು ಬಿಗಿದುಬಿಟ್ಟೆ. ಮಾವನವರನ್ನು ಕೇಳಲಿಲ್ಲ. ಕೇಳಿದ್ದರೆ ಬ್ಯಾಡ ಅನ್ನುತ್ತಿದ್ದರು.

ಎಡಗಡೆಯದನ್ನು ನಿಮಗೆ ಬಿಟ್ಟಿದ್ದೇನೆ. ಲಗೂನ ಬನ್ನಿ, ಅಕ್ಕ. ನನ್ನ ಕೈಯಲ್ಲಿ ಪಾನಾ ಇದೆ, ಎಡಗಡೆಯದೂ ಬಹಳ ದಿನ ಸಡಿಲ ಉಳಿಯಲಿಕ್ಕಿಲ್ಲ.

ನಿಮ್ಮ
ಪ್ರೀತಿ